ವಾಮನರಾವ್ ಮಾಸ್ತರರು ನಮ್ಮ ಅಂಗಳಕ್ಕೆ ಬಂದ ಸಂಜೆ

ಹೊಸ ಕೈಮಗ್ಗದ ಸೀರೆಯನ್ನು ಮೊದಲ ಸಲ ನೀರಿಗೆ ಹಾಕಿದಾಗ ಏಳುವ ಆ ಒಗರು ವಾಸನೆ ನನ್ನನ್ನು ಸೀದಾ ರಬಕವಿಯ ನಮ್ಮ ಅಂಗಳಕ್ಕೆ ಎಳೆದುಕೊಂಡು ಹೋಗುತ್ತದೆ. ನಾವು ನೂಲಿಗೆ ಬಣ್ಣ ಹಾಕುವವರು. ಸಾಲಾಗಿ ಒಲೆಗಳು, ಒಲೆಗಳ ಮೇಲೆ ತಾಮ್ರದ ಹಂಡೆಗಳು, ಗಳಗಳ ಮೇಲೆ ಒಣಗುವ ನೂಲಿನ ಲಡಿಗಳು. ಅವುಗಳ ಕೆಳಗೆ ಓಡಾಡಿದರೆ ತಲೆಯ ಮೇಲೆ ತೊಟಕ್ಕೆಂದು ಬಣ್ಣದ ಹನಿ. ಬನಹಟ್ಟಿಯ ನೇಕಾರರು ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಮೆಲ್ಲುತ್ತ, ತಮ್ಮ ನೂಲು ಆರುವ ತನಕ ಊರ ಸುದ್ದಿಯನ್ನೆಲ್ಲ ಹಿಂಡಿ ಒಣಹಾಕುತ್ತಿದ್ದರು. ಸಾಲೆಗೆ ಹೋಗುವ ಮುಂಚೆ ಲಡಿಯನ್ನು ನೀರಲ್ಲಿ ಜಾಲಿಸಿ ಕೊಡುವುದು ಮಕ್ಕಳ ಪಾಲಿನ ಕೆಲಸ. ಹಾಗಾಗಿ ನಮ್ಮ ಕೈಗೆ ಒಂದು ವಾರ ಕೆಂಪು, ಇನ್ನೊಂದು ವಾರ ನೀಲಿ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ನಾನಾಗ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ. ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾಗಿದ್ದ ಹೊಸತು. ಜಮಖಂಡಿಯಿಂದ ವರ್ಗವಾಗಿ ವಾಮನರಾವ್ ಎಂಬ ಮಾಸ್ತರರು ಬಂದರು: ಕರಿ ಟೊಪ್ಪಿಗೆ, ಬಿಳಿ ಧೋತರ, ಸಿಟ್ಟು ಬಂದರೆ ಕನ್ನಡದ ನಡುವೆ ಮರಾಠಿ. ಅವರು ಬಂದ ಎರಡನೆಯ ದಿನವೇ, ಅವರು ಕೈಯಾರೆ ಬರೆದು ತಂದಿದ್ದ ರಾಜ್ಯದ ನಕಾಶೆಯ ಮೇಲೆ ಯಾರೋ ಕೆಂಪು ಶಾಯಿ ಚೆಲ್ಲಿದರು. ಮಾಸ್ತರರು ಒಳಗೆ ಬಂದು ನಕಾಶೆ ನೋಡಿದರು, ನಮ್ಮನ್ನೆಲ್ಲ ನೋಡಿದರು, ನನ್ನ ಕೆಂಪು ಕೈ ನೋಡಿದರು.

"ನಾ ಅಲ್ರಿ ಸರ," ಅಂದೆ.

"ನಿನ್ನ ಕೈನ ಹೇಳ್ಲಿಕತ್ತಾವ. ಮ್ಯಾಲೆ ಸುಳ್ಳ ಬ್ಯಾರೆ?"

ರೂಲುಕಟ್ಟಿಗೆಯ ಏಟು ಎರಡೂ ಅಂಗೈಗೆ ಬಿತ್ತು. ನಾನು ಬಣ್ಣಗಾರರ ಮನೆಯವಳೆಂದು ಇಡೀ ವರ್ಗಕ್ಕೆ ಗೊತ್ತಿತ್ತು. ಹೊಸ ಮಾಸ್ತರರ ಅಂಜಿಕೆಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಮನೆಯಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ನನ್ನ ಬಾತ ಕೈ ನೋಡಿ ಕೆಂಡವಾದಳು. "ಅಕ್ಷರ ಕಲೀಲಿ ಅಂತ ಕಳಿಸೀವಿ, ಸುಳ್ಳಿ ಅನ್ನಿಸಿಕೊಳ್ಳಾಕಲ್ಲ. ನಾಳಿಂದ ಸಾಲಿ ಬ್ಯಾಡ." ಅಪ್ಪ ಹಂಡೆಯಿಂದ ತಲೆ ಎತ್ತದೆ ಹೂಂ ಅಂದ. ಆಯಿಗೆ ಎದುರಾಡುವ ರೂಢಿ ನಮ್ಮಲ್ಲಿರಲಿಲ್ಲ. ಅಲ್ಲದೆ ಕೆಲಸಕ್ಕೆ ಇನ್ನೆರಡು ಕೈ ಬೇಕೇ ಇದ್ದವು. ನನ್ನ ಅಕ್ಕಂದಿರೂ ಹೀಗೇ ಯಾವುದೋ ನೆಪಕ್ಕೆ ಸಾಲೆ ಬಿಟ್ಟವರು, ಮತ್ತೆ ಹೋಗಲೇ ಇಲ್ಲ. ನನಗೋ ಓದುವ ಹುಚ್ಚು. ಪೇಟೆಯಿಂದ ಬೆಲ್ಲ ಕಟ್ಟಿ ತಂದ ಕಾಗದದ ಚೂರನ್ನೂ ಬಿಡುತ್ತಿರಲಿಲ್ಲ. ಏಟಿಗೆ ಅಳದವಳು ಅವತ್ತು ಲಡಿಗಳ ಮರೆಯಲ್ಲಿ ಕೂತು ಮನಸಾರೆ ಅತ್ತೆ.

ಮರುದಿನ ನಾನು ಕಾಣದಿದ್ದಾಗ ಮಾಸ್ತರರು ವಿಚಾರಿಸಿದರಂತೆ. ಗೆಳತಿಯೊಬ್ಬಳು ಧೈರ್ಯ ಮಾಡಿ, ಶಾಂತಾಳ ಕೈ ಮನೆಯ ಬಣ್ಣದಿಂದ ಕೆಂಪು ಎಂದಳಂತೆ. ಸಂಜೆ ಅವರು ನಮ್ಮ ಅಂಗಳದಲ್ಲಿ ನಿಂತಿದ್ದರು. ಅಪ್ಪ ಗಡಬಡಿಸಿ ಕಂಬಳಿ ಹಾಸಿದ. ಅವರು ಕೂಡಲಿಲ್ಲ.

"ಏನಿದ್ರೂ ನನ್ನ ಮುಂದ ಹೇಳ್ರಿ," ಅಂದಳು ಆಯಿ, ಬಾಗಿಲಿಗೆ ಅಡ್ಡ ನಿಂತು.

"ತಪ್ಪ ಹುಡುಗಿಗೆ ಮಾಡೇನ್ರಿ. ಹುಡುಗಿಗೇ ಹೇಳಬೇಕು."

ನನ್ನನ್ನು ಕರೆದರು. ಧೋತರಕ್ಕೆ ಬಣ್ಣ ಹತ್ತುತ್ತದೆ ಎಂದು ಅಪ್ಪ ಬೇಡಬೇಡವೆನ್ನುತ್ತಿದ್ದಂತೆಯೇ, ತೊಟ್ಟಿಕ್ಕುವ ಲಡಿಗಳ ಕೆಳಗೆ ಮೊಳಕಾಲೂರಿ ನನ್ನ ಎತ್ತರಕ್ಕೆ ಕೂತರು. "ಶಾಂತಾ, ನೀ ಖರೇ ಹೇಳಿದ್ದಿ. ನಾ ಕೇಳಲಿಲ್ಲ. ನಂದ ತಪ್ಪಾತು. ಎಲ್ಲಾರ ಮುಂದ ಹೊಡದೇನಿ, ನಾಳೆ ಎಲ್ಲಾರ ಮುಂದನ ಹೇಳ್ತೇನಿ. ನೀ ಬಂದ್ರ ಹೇಳ್ಲಿಕ್ಕೆ ಬರ್ತದ."

ದೊಡ್ಡವರೊಬ್ಬರು ಮಗುವಿನೆದುರು ತಪ್ಪೊಪ್ಪುವುದನ್ನು ನಮ್ಮ ಮನೆ ಕಂಡೇ ಇರಲಿಲ್ಲ. ಆಯಿ ಬಾಗಿಲಿಂದ ಸರಿದು, "ನಾಳೆ ಲಗೂ ಏಳವಾ, ಸಾಲಿಗೆ ಹೊತ್ತಾಗತೈತಿ," ಅಂದಳು.

ಮರುದಿನ ವರ್ಗದಲ್ಲಿ ಮಾಸ್ತರರು ಆಡಿದಂತೆ ಮಾಡಿದರು. ಶಾಯಿ ಯಾರು ಚೆಲ್ಲಿದಿರಿ ಎಂದು ಮಾತ್ರ ಕೇಳಲಿಲ್ಲ. ಕೇಳದಿದ್ದರೂ ಹಿಂದಿನ ಸಾಲಿನಿಂದ ಹಣಮಂತ ಎದ್ದು ನಿಂತ. "ಸರ, ಬಾಟ್ಲಿ ನಾ ಕೆಡವಿದ್ನಿರಿ." ಮಾಸ್ತರರು ಅವನ ಬೆನ್ನು ತಟ್ಟಿ ಕೂಡಿಸಿ ಪಾಠ ಶುರು ಮಾಡಿದರು. ವಾರಕ್ಕೊಮ್ಮೆ ನಮಗೆ ನೀತಿಪಾಠದ ತಾಸೂ ಇರುತ್ತಿತ್ತು. ಅದರಲ್ಲಿ ಕೇಳಿದ್ದು ಒಂದೂ ನೆನಪಿಲ್ಲ.

ಈಗ ಆಯಿ ಇಲ್ಲ, ಅಪ್ಪ ಇಲ್ಲ, ಅಂಗಳದ ಜಾಗದಲ್ಲಿ ಯಾರದೋ ಅಂಗಡಿಗಳು. ನಿಮ್ಮ ಬಾಲ್ಯದ ಮನೆಯೂ ಹೀಗೇ ಎಲ್ಲೋ ಕರಗಿ ಹೋಗಿರಬೇಕು. ನಾನು ಕಲಿತು ಮುಧೋಳದಲ್ಲಿ ಶಿಕ್ಷಕಿಯಾಗಿದ್ದಾಗ, ಮಾಸ್ತರರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಜಮಖಂಡಿಗೆ ಹೋದೆ. ಹೆಸರು ಹೇಳಿದೆ. ಅವರು ನನ್ನ ಅಂಗೈ ಹಿಡಿದುಕೊಂಡರು.

"ನಿನಗ ಹೊಡದಿದ್ದೆ ನಾ. ತಪ್ಪಿಲ್ದ ಹೊಡದಿದ್ದೆ."

"ಮನಿಗೆ ಬಂದು ತಪ್ಪಾತು ಅಂದ್ರೆಲ್ಲ ಸರ. ವರ್ಗದಾಗೂ ಹೇಳಿದ್ರಿ."

"ಹೌದಾ? ಬಂದಿದ್ನೇನು?"

ಅವರಿಗೆ ಅದು ನೆನಪೇ ಇರಲಿಲ್ಲ. ಇಷ್ಟು ವರ್ಷ ಆ ಏಟನ್ನಷ್ಟೇ ಹೊತ್ತುಕೊಂಡಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮುಗಿದ ಮೇಲೆ, "ಇನ್ನೊಮ್ಮೆ ಹೇಳು," ಅಂದರು.