ಗಾಳಿ ಮೇಡಂ ಮತ್ತೆ ಬಂದಿದ್ದು

ಸೊಪ್ಪು ಕೊಯ್ಯುತ್ತಿದ್ದೆ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ದೊಡ್ಡಪ್ಪನ ಮನೆಯ ನೀರೊಲೆಯ ಹೊಗೆ ಮೇಲಕ್ಕೆ ಹೋಗದೆ ನೆಲ ಹಿಡಿದುಕೊಂಡು ಇಳಿದು ಬಂದು, ನಮ್ಮ ಹಿಪ್ಪುನೇರಳೆ ಸಾಲುಗಳಲ್ಲಿ ಮಂಡಿಯೆತ್ತರಕ್ಕೆ ನಿಂತಿತು. ತೆಂಗಿನ ಮಟ್ಟೆ ಸುಟ್ಟ ವಾಸನೆ. ಕುಡುಗೋಲು ಹಿಡಿದವನು ಹಾಗೇ ನಿಂತೆ. ಗಾಳಿ ಮೇಡಂ ನೆನಪಾದರು...

ನಮ್ಮದು ಅಂಬಾಜಿದುರ್ಗದ ತಪ್ಪಲಿನ ಊರು. ಮೇಲುಗಡೆ ದೊಡ್ಡಪ್ಪನ ಗುಲಾಬಿ ತೋಟ, ಕೆಳಗಡೆ ನಮ್ಮ ಸೊಪ್ಪಿನ ತೋಟ. ಮೇಡಂ ನಮ್ಮೂರಿಗೆ ಬಂದ ವರ್ಷ ನಮ್ಮ ರೇಷ್ಮೆ ಹುಳು ಬ್ಯಾಚಿನ ಮೇಲೆ ಬ್ಯಾಚು ಸಾಯುತ್ತಿದ್ದವು. ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹಸಿರು ನೀರು ಕಕ್ಕಿ ಬೀಳುತ್ತಿದ್ದವು. ಗುಲಾಬಿಗೆ ಹೊಡೆಯುವ ಔಷಧಿಯೇ ಕಾರಣ ಎಂದು ಅಪ್ಪ.

"ಊರೆಲ್ಲಾ ಹೊಡೀತಾರೆ. ನಂದೊಂದೇನಾ ನಿನ್ ಕಣ್ಣಿಗ್ ಕಾಣ್ಸೋದು?" ಎಂದು ದೊಡ್ಡಪ್ಪ.

ಅಣ್ಣತಮ್ಮಂದಿರ ಮಾತು ನಿಂತಿತು. ಎರಡು ಮನೆಗೂ ಒಂದೇ ಬೋರ್‌ವೆಲ್ಲು. ತಮ್ಮ ಸರದಿ ಮುಗಿದರೆ ಪೈಪಿಗೆ ಕಲ್ಲು ಬಡಿದು ತಿಳಿಸುತ್ತಿದ್ದರು.

ಮೇಡಂ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರು. ಗಾಳಿ ಅಳೆಯುವುದು ಅವರ ಕೆಲಸ. ನಮ್ಮ ತಾರಸಿ ಮೇಲೆ ಕಂಬ ನಿಲ್ಲಿಸಿ, ತಿರುಗುವ ಬಟ್ಟಲು, ದಿಕ್ಕು ತೋರಿಸುವ ಬಾಣ ಕಟ್ಟಿದ್ದರು. ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತುತ್ತಿದ್ದರು. ವ್ಯಾನಿಟಿ ಬ್ಯಾಗಿನಲ್ಲಿ ಸ್ಪ್ಯಾನರ್ ಇರುತ್ತಿತ್ತು. ಅಪ್ಪ ಅವರನ್ನೇ ಕೇಳಿದರು. ಅವರು ಬಾಣ ನೋಡಿ, "ಗಾಳಿ ನಿಮ್ಮ ಕಡೆಯಿಂದ ಅವರ ಕಡೆ ಹೋಗ್ತಿದೆ. ಅವರ ಔಷಧಿ ಇಲ್ಲಿಗೆ ಬರಲ್ಲ" ಎಂದರು.

ಓದಿದವರ ಮಾತು. ಅಪ್ಪ ಆವತ್ತೇ ಹೋಗಿ "ತಪ್ಪಾಯ್ತಣ್ಣ" ಅಂದರು. ದೊಡ್ಡಮ್ಮ ಅಳುತ್ತಲೇ ಮುದ್ದೆ ಕಟ್ಟಿ ಬಡಿಸಿದರು. ಎರಡು ಮನೆ ಒಂದಾಯಿತು.

ಮುಂದಿನ ಬ್ಯಾಚೂ ಸತ್ತಿತು.

ಈ ಸಲ ಮೇಡಂ ಒಂದಿಷ್ಟು ಎಲೆ ಕಿತ್ತು ಕವರಿಗೆ ಹಾಕಿಕೊಂಡು, ಹುಳುವಿನ ವಿದ್ಯೆ ಓದಿದ ಇನ್ನೊಬ್ಬ ಮೇಷ್ಟ್ರ ಹತ್ತಿರ ಹೋದರು. ಎಲೆ ಮೇಲೆ ಔಷಧಿ ಇದೆ, ನಿಮ್ಮ ಗಾಳಿ ಲೆಕ್ಕ ಎಲ್ಲೋ ತಪ್ಪಿದೆ ಎಂದರಂತೆ ಆ ಮೇಷ್ಟ್ರು. ಬೇರೆಯವರಾಗಿದ್ದರೆ ನಮ್ಮೂರ ಬಸ್ಸನ್ನೇ ಹತ್ತುತ್ತಿರಲಿಲ್ಲ. ಇವರು ಬಂದರು. ನಮ್ಮ ಜಗಲಿಯಲ್ಲೇ ಮಲಗಿ, ಬೆಳಗಾಗುವ ಮುಂಚೆ ಎರಡು ಮನೆಯವರನ್ನೂ ಗುಲಾಬಿ ತೋಟದ ಅಂಚಿಗೆ ಕರೆದರು. ಅಪ್ಪನಿಗೆ ಇಷ್ಟವಿರಲಿಲ್ಲ.

"ಈಗ್ ತಾನೇ ಮಾತಾಡ್ತಿದೀವಿ ಮೇಡಂ. ಹುಳ ಹೋದ್ರೆ ಹೋಗ್ಲಿ, ಬಿಟ್ಬಿಡಿ."

"ನಾನು ಹೇಳಿದ್ದು ತಪ್ಪು. ಅದನ್ನ ನಿಮ್ಮನೇಲೇ ಬಿಟ್ಟು ಹೋಗೋಕಾಗಲ್ಲ ನನಗೆ."

ಬೆರಣಿಗೆ ಬೆಂಕಿ ಹಚ್ಚಿದರು. ತಾರಸಿಯ ಬಾಣದ ಪ್ರಕಾರ ಗಾಳಿ ಆಗಲೂ ದೊಡ್ಡಪ್ಪನ ಕಡೆಗೇ. ಹೊಗೆ ಮಾತ್ರ ನೆಲಕ್ಕೆ ಅಂಟಿಕೊಂಡು ಸೀದಾ ನಮ್ಮ ಸೊಪ್ಪಿನೊಳಕ್ಕೆ ಇಳಿಯಿತು. ರಾತ್ರಿಯೆಲ್ಲ ತಣ್ಣಗಾದ ಬೆಟ್ಟದ ಗಾಳಿ ಬೆಳಗಿನ ಹೊತ್ತು ನೀರಿನ ಹಾಗೆ ತಗ್ಗಿಗೆ ಹರಿಯುತ್ತದಂತೆ. ಅಷ್ಟು ಎತ್ತರದ ಕಂಬಕ್ಕೆ ಅದು ಸಿಕ್ಕಿರಲಿಲ್ಲ. ದೊಡ್ಡಪ್ಪ ಔಷಧಿ ಹೊಡೆಯುತ್ತಿದ್ದುದು ಆ ಹೊತ್ತಿನಲ್ಲೇ.

ಮತ್ತೆ ಮನೆ ಒಡೆಯಿತು ಅಂದುಕೊಂಡೆ.

"ಏನಮ್ಮ, ನಾನು ಬೇಕಂತ ಮಾಡ್ದೆ ಅಂತೀಯಾ?" ದೊಡ್ಡಪ್ಪ ಕೇಳಿದರು.

"ಇಲ್ಲಪ್ಪ. ಗಾಳಿನೇ ಓದಿದ ನನಗೇ ಗೊತ್ತಾಗ್ಲಿಲ್ಲ, ನಿಮಗೆ ಹೆಂಗೆ ಗೊತ್ತಾಗುತ್ತೆ?"

ದೊಡ್ಡಪ್ಪ ಬೀಡಿ ಹಚ್ಚಿ, ಕೂತುಕೊಂಡು, ಅದರ ಹೊಗೆಯೂ ಕೆಳಕ್ಕೇ ಹೋಗುವುದನ್ನು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಸಾಯಂಕಾಲ ಬಿಸ್ಲಿರೋವಾಗ್ಲೇ ಹೊಡ್ಕಂತೀನಿ ಬಿಡೋ. ಅದಕ್ಕೇನೀಗ. ಓದ್ದೋರು ತಪ್ಪು ಅಂತ ಒಪ್ಕಂಡಿದ್ದು ಇವತ್ತೇ ನಾನ್ ನೋಡಿದ್ದು" ಎಂದರು.

ಹುಳು ಮನೆಗೆ ಅಮ್ಮ ಹೊರಗಿನವರನ್ನು ಬಿಡುವುದಿಲ್ಲ. ದೃಷ್ಟಿ, ಸೋಂಕು, ಎರಡಕ್ಕೂ ಹೆದರಿಕೆ. ಅಷ್ಟು ದಿನ ಮೇಡಂಗೂ ಜಗಲಿಯೇ. ಆವತ್ತು ಅಮ್ಮನೇ ಬಕೆಟ್ಟಿನಲ್ಲಿ ನೀರು ತಂದಿಟ್ಟು, "ಕಾಲ್ ತೊಳ್ಕಂಡು ಒಳಕ್ ಬಾರಮ್ಮ, ಹುಳ ನೋಡುವಂತೆ" ಎಂದರು. ಹೊಸ ಬ್ಯಾಚು, ಇರುವೆಯಷ್ಟು ಸಣ್ಣವು. ಮೇಡಂ ಕೈ ಹಿಂದೆ ಕಟ್ಟಿಕೊಂಡು, ಉಸಿರು ತಾಗೀತು ಅನ್ನುವ ಹಾಗೆ ಸೆರಗು ಬಾಯಿಗಿಟ್ಟುಕೊಂಡು ಬಗ್ಗಿ ನೋಡಿದರು. ಎಷ್ಟೋ ಹೊತ್ತು...

ಅವರು ಹೋದ ಮೇಲೆ ಯಾಕೆ ಬಿಟ್ಟೆ ಅಂತ ಅಮ್ಮನನ್ನು ಕೇಳಿದೆ. "ತಪ್ಪಾಯ್ತು ಅನ್ನಕ್ಕೆ ಅಷ್ಟು ದೂರದಿಂದ ಬಂದೋಳು, ಹುಳಕ್ಕೆ ಕೆಟ್ಟದ್ ಮಾಡ್ತಾಳೇನೋ?"

ಆ ಬ್ಯಾಚು ಗೂಡು ಕಟ್ಟಿತು. ಫೋನಿನಲ್ಲಿ ಹೇಳಿದಾಗ ಮೇಡಂ ಜೋರಾಗಿ ನಕ್ಕರು. ಕೆಲವು ವರ್ಷದ ಮೇಲೆ ಕಾಯಿಲೆ ಬಂದು ಹೋಗಿಬಿಟ್ಟರು. ನಮಗೆ ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ನೋಡಲಿಲ್ಲ.

ಇವತ್ತು ಸೊಪ್ಪಿನ ಹೊರೆ ಇಳಿಸುವಾಗ ದೊಡ್ಡಪ್ಪ ಮೊಬೈಲ್ ಹಿಡಿದು ಕೂತಿದ್ದರು. ವಿಡಿಯೋದಲ್ಲಿ ಒಬ್ಬ, ಮಂಡಿ ನೋವಿಗೆ ಎಣ್ಣೆ, ವಾರದಲ್ಲಿ ವಾಸಿ ಎಂದು ಕೂಗುತ್ತಿದ್ದ.

"ಇದು ನಿಜವೇನೋ?"

"ನಂಗೇನ್ ಗೊತ್ತು."

"ಗಾಳಿ ಮೇಡಂನ ಕೇಳಣ ಅಂದ್ರೆ..."

"ಅವ್ರು ಗಾಳಿ ಓದ್ದೋರು ದೊಡ್ಡಪ್ಪ. ಮಂಡಿ ವಿಷ್ಯ ಅವ್ರಿಗೇನ್ ಗೊತ್ತಿರುತ್ತೆ?"

"ಗೊತ್ತಿಲ್ಲ ಅಂತಾದ್ರೂ ಹೇಳ್ತಿತ್ತಲ್ಲೋ ಆಯಮ್ಮ. ಇವ್ನು ಅದೂ ಹೇಳಲ್ಲ."

ಮೊಬೈಲ್ ಆರಿಸಿ ಜೇಬಿಗೆ ಹಾಕಿಕೊಂಡರು. ಅಷ್ಟೇ. ಇನ್ನು ನನಗೆ ಹೇಳೋದೇನೂ ಇಲ್ಲ.