ರಿಮ್ಮಿಗೆ ಒರೆಸಿದ ಎಣ್ಣೆ

ತೊಂಬತ್ತರ ದಶಕದಲ್ಲಿ ಆರು ವರ್ಷ ನಾನು ದೋಹಾದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಕೂತು ಯುರೋಪಿನ ರಜೆಗಳನ್ನು ಮಾರುತ್ತಿದ್ದೆ. ಯುರೋಪನ್ನು ನಾನು ನೋಡಿರಲಿಲ್ಲ. ಆದರೆ ಯಾವ ರೈಲಿನಲ್ಲಿ ಎಡಗಡೆ ಕೂತರೆ ಸರೋವರ ಕಾಣುತ್ತದೆ, ಯಾವ ಹೋಟೆಲಿನ ಮೂರನೆಯ ಮಹಡಿಯಲ್ಲಿ ಬಾಲ್ಕನಿ ಇಲ್ಲ, ಯಾವ ಊರಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ ಎಂಬುದೆಲ್ಲ ಬಾಯಿಪಾಠವಾಗಿತ್ತು. ಹೋಗಿಬಂದವರು ನನ್ನ ಮೇಜಿನ ಮುಂದೆ ಕೂತು ಹೇಳಿದ್ದನ್ನು ಆಯಾ ಫೈಲಿನಲ್ಲಿ ಬರೆದಿಡುತ್ತಿದ್ದೆ. ಮುಂದಿನವರಿಗೆ ಅದನ್ನೇ ಹೇಳುತ್ತಿದ್ದೆ. ನೀವು ಎಷ್ಟು ಸಲ ಹೋಗಿದ್ದೀರಿ ಎಂದು ಕೇಳಿದವರೂ ಇದ್ದರು. ನಾನು ನಗುತ್ತಿದ್ದೆ, ಅಷ್ಟೆ.

ಆ ರಜೆಗಳಲ್ಲಿ ನನಗೆ ವಿಚಿತ್ರವಾಗಿ ಕಂಡದ್ದು ಸೈಕಲ್ ಪ್ರವಾಸ. ಇಷ್ಟು ಖರ್ಚು ಮಾಡಿ ಹೋಗಿ ಸೈಕಲ್ ತುಳಿಯುವುದೇ ಎಂದು ಮೊದಲು ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ಹಗಲು ಮೂವತ್ತು, ನಲವತ್ತು ಕಿಲೋಮೀಟರು ತುಳಿಯುವುದು. ಹಿಂದಿನಿಂದ ಒಂದು ವ್ಯಾನು ಅವರ ಪೆಟ್ಟಿಗೆಗಳನ್ನು ಹೊತ್ತು ಮುಂದಿನ ಹೋಟೆಲಿಗೆ ಹೋಗುವುದು. ಸಂಜೆ ಹಳೆಯ ಅರಮನೆಯಂಥ ಕಟ್ಟಡದಲ್ಲಿ ಬಿಸಿನೀರಿನ ತೊಟ್ಟಿ, ಐದು ಸುತ್ತಿನ ಊಟ. ದಣಿವನ್ನೂ ಅವರು ಆರಿಸಿಕೊಂಡೇ ಪಡೆಯುತ್ತಿದ್ದರು.

ಪ್ರತಿ ಜುಲೈನಲ್ಲಿ ಈ ರಜೆಗೆ ಹೋಗುತ್ತಿದ್ದ ಒಂದು ಇಂಗ್ಲಿಷ್ ದಂಪತಿ ಇದ್ದರು. ಗಂಡ ಇಂಜಿನಿಯರ್. ಹೆಂಡತಿ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದರು. ಸಲ್ವಾ ರಸ್ತೆಯ ಕಡೆಗೆ ಎತ್ತರದ ಗೋಡೆಯ ಒಂದು ಕಾಂಪೌಂಡಿನಲ್ಲಿ ಅವರ ವಿಲ್ಲಾ. ಆ ಕಾಲದಲ್ಲಿ ಹೆಂಗಸೊಬ್ಬರು ದೋಹಾದ ರಸ್ತೆಯಲ್ಲಿ ಸೈಕಲ್ ಬಿಡುವುದನ್ನು ನಾನು ಕಂಡಿಲ್ಲ. ಅವರು ಬೆಳಿಗ್ಗೆ ಐದಕ್ಕೆ ಎದ್ದು ಗೋಡೆಯ ಒಳಗೇ ಸುತ್ತು ಹಾಕುತ್ತಿದ್ದರು.

"ನಲವತ್ತು ಸುತ್ತು," ಎಂದು ಒಮ್ಮೆ ನನಗೆ ಹೇಳಿದ್ದರು. "ಪ್ರತಿ ಸುತ್ತಿಗೂ ಅದೇ ಎಂಟು ಕಸದ ಡಬ್ಬಿ. ವರ್ಷವಿಡೀ ಆ ಡಬ್ಬಿಗಳನ್ನು ನೋಡುವುದು ಈ ಹದಿನಾಲ್ಕು ದಿನಕ್ಕಾಗಿ."

ಅವರು ಗಿಡ್ಡ ಆಳು. ಯುರೋಪಿನಲ್ಲಿ ಬಾಡಿಗೆಗೆ ಸಿಗುವ ಸೈಕಲುಗಳು ಅವರಿಗೆ ಎತ್ತರವಾಗುತ್ತಿದ್ದವು. ಹಾಗಾಗಿ ಅಳತೆ ಕೊಟ್ಟು ಮಾಡಿಸಿದ ತಮ್ಮದೇ ಸೈಕಲನ್ನು ವಿಮಾನದಲ್ಲಿ ಒಯ್ಯುತ್ತಿದ್ದರು. ಗಂಡ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದರು. ವಿಮಾನಕ್ಕೆ ಸೈಕಲನ್ನು ಪೆಟ್ಟಿಗೆ ಕಟ್ಟಬೇಕು: ಪೆಡಲ್ ಬಿಚ್ಚಿ, ಹ್ಯಾಂಡಲ್ ಅಡ್ಡ ತಿರುಗಿಸಿ, ಮುಂದಿನ ಚಕ್ರ ತೆಗೆದು, ಗಾಳಿ ಅರ್ಧ ಇಳಿಸಿ. ಹಿಂದಿನ ವರ್ಷ ಅವರು ಕಟ್ಟಿದ್ದ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲಿ ಬಿಚ್ಚಿಸಿ ತೊಂದರೆ ಕೊಟ್ಟಿದ್ದರಂತೆ. ಈ ಸಲ ನಾನು ಕಟ್ಟಿಕೊಡುತ್ತೇನೆ ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಸೈಕಲ್ ನನಗೆ ಗೊತ್ತು ಎಂಬ ಧೈರ್ಯ ಇತ್ತು. ಮೂಲ್ಕಿಯ ಹತ್ತಿರ ನನ್ನ ಸೋದರಮಾವನದು ಬಾಡಿಗೆ ಸೈಕಲ್ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ. ಸಮುದ್ರದ ಗಾಳಿಗೆ ಕಬ್ಬಿಣ ಉಳಿಯುವುದಿಲ್ಲ. ಒಂದು ಮಳೆಗಾಲ ಬಿಟ್ಟರೆ ಸಾಕು, ರಿಮ್ಮು ಕೆಂಪಾಗಿ ಹೊಪ್ಪಳೆ ಏಳುತ್ತದೆ. ಅದಕ್ಕೆ ಅಂಗಡಿ ಮುಚ್ಚುವ ಮೊದಲು ಪ್ರತಿ ಸೈಕಲಿನ ರಿಮ್ಮು, ಕಡ್ಡಿ, ಮಡ್‌ಗಾರ್ಡ್ ಎಲ್ಲವನ್ನೂ ಎಣ್ಣೆಬಟ್ಟೆಯಿಂದ ಒರೆಸಬೇಕು. ಒರೆಸದೆ ಹೋದರೆ ಮಾವ ಬೈಯುತ್ತಿದ್ದರು. ಆ ಸೈಕಲುಗಳಲ್ಲಿ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು, ಅಂದರೆ ಕಡ್ಡಿಗಳು ಸೇರುವ ಮೈಯನ್ನು, ಹಿಡಿಯುತ್ತದೆ. ಪಕ್ಕಗಳಿಗೆ ಎಷ್ಟು ಎಣ್ಣೆ ಒರೆಸಿದರೂ ಏನೂ ಆಗುವುದಿಲ್ಲ. ನನ್ನ ಕೈ ಕಲಿತದ್ದು ಅದು.

ಅವರು ಹೊರಡುವ ಹಿಂದಿನ ದಿನ, ಬುಧವಾರ ಸಂಜೆ, ಅವರ ಕಾರು ನಿಲ್ಲಿಸುವ ಚಪ್ಪರದ ಕೆಳಗೆ ಸೈಕಲ್ ಬಿಚ್ಚಿದೆ. ಗಲ್ಫಿನ ತೇವದ ಗಾಳಿಗೆ ಸರಪಳಿಯ ಮೇಲೆ, ಬೋಲ್ಟುಗಳ ಮೇಲೆ ತುಕ್ಕಿನ ಚುಕ್ಕೆಗಳು ಬಂದಿದ್ದವು. ನಾನು ಹೊಲಿಗೆ ಯಂತ್ರದ ಎಣ್ಣೆ ಒಯ್ದಿದ್ದೆ. ಸರಪಳಿಗೆ ಹಾಕಿದೆ. ಬೋಲ್ಟುಗಳನ್ನು ಒರೆಸಿದೆ. ಆಮೇಲೆ ಅದೇ ಬಟ್ಟೆಗೆ ಇನ್ನಷ್ಟು ಎಣ್ಣೆ ಬಿಟ್ಟುಕೊಂಡು ಎರಡು ಚಕ್ರಗಳ ರಿಮ್ಮನ್ನೂ ಎರಡೂ ಪಕ್ಕ ಪೂರ್ತಿ ಒರೆಸಿದೆ. ಅವು ಹೊಳೆದವು. ಮೇಡಂ ಬಾಗಿಲಲ್ಲಿ ನಿಂತು ನೋಡಿದರು.

"ಹೊಸದರ ಹಾಗೆ ಕಾಣುತ್ತದೆ," ಎಂದರು. ನನಗೆ ಸಂತೋಷವಾಯಿತು.

ಗುರುವಾರ ಅವರು ಹೋದರು. ಶುಕ್ರವಾರ ರಜೆ. ಅಲ್ ಮುಂತಜಾದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನನ್ನ ಕೋಣೆ. ನನ್ನ ಜೊತೆಗಿದ್ದವನು ಉಡುಪಿ ಕಡೆಯವನು, ಬೇರೊಂದು ಕಾಂಪೌಂಡಿನಲ್ಲಿ ರಿಪೇರಿ ಕೆಲಸ. ಅಂದು ಯಾರೋ ಬಿಟ್ಟುಹೋದ ಗೇರ್ ಸೈಕಲೊಂದನ್ನು ಮೆಟ್ಟಿಲು ಹತ್ತಿಸಿ ತಂದಿದ್ದ. ಊಟವಾದ ಮೇಲೆ ಅವನು ಟೈರಿಗೆ ತೇಪೆ ಹಾಕುತ್ತಿದ್ದ. ನಾನು ಸುಮ್ಮನೆ ಕೂರಲಾರದೆ ಎಣ್ಣೆಬಟ್ಟೆ ತೆಗೆದುಕೊಂಡು ಹಿಂದಿನ ರಿಮ್ಮು ಒರೆಸತೊಡಗಿದೆ.

"ಎಂತ ಮಾಡ್ತಿದ್ದಿ ಮಾರಾಯ?" ಎಂದ. "ಅಲ್ಲಿಗೆ ಎಣ್ಣೆ ಹಾಕಿದ್ರೆ ಇದು ನಿಲ್ಲುದೆಲ್ಲಿ, ಸೌದಿ ಬಾರ್ಡರಿನಲ್ಲಾ?"

"ತುಕ್ಕು ಹಿಡೀತದಲ್ಲ?"

"ಅಲ್ಯೂಮಿನಿಯಂಗೆ ಎಂಥ ತುಕ್ಕು? ನಿನ್ನ ಮಾವನ ಅಂಗಡಿ ಸೈಕಲಲ್ಲ ಇದು. ನೋಡಿಲ್ಲಿ." ಅವನು ಬ್ರೇಕ್ ಅದುಮಿದ. ಎರಡು ರಬ್ಬರುಗಳು ಎರಡೂ ಪಕ್ಕದಿಂದ ಬಂದು ನಾನು ಒರೆಸಿದ ಜಾಗವನ್ನೇ ಹಿಡಿದವು. ಅವನು ಕೈಯಿಂದ ಚಕ್ರ ತಿರುಗಿಸಿದ. ಬ್ರೇಕ್ ಹಿಡಿದೇ ಇತ್ತು, ಚಕ್ರ ಜಾರಿಕೊಂಡು ತಿರುಗಿತು.

ನಾನು ಬಟ್ಟೆ ಕೆಳಗಿಟ್ಟೆ. ಅವನು ಇನ್ನೂ ಏನೋ ತಮಾಷೆ ಮಾಡುತ್ತಿದ್ದ. ಮೇಡಂ ಅವರ ಸೈಕಲಿನ ಬ್ರೇಕೂ ಹೀಗೇ ಪಕ್ಕದಿಂದ ಹಿಡಿಯುವಂಥದ್ದು. ಆ ಪ್ರವಾಸದ ಪಟ್ಟಿಯನ್ನು ಟೈಪು ಮಾಡಿದವನು ನಾನೇ. ಶನಿವಾರ ಸರೋವರದ ಸುತ್ತ, ಸಮತಟ್ಟು. ಭಾನುವಾರ ವ್ಯಾನಿನಲ್ಲಿ ಘಟ್ಟದ ತಲೆಗೆ ಹೋಗಿ ಅಲ್ಲಿಂದ ಹನ್ನೊಂದು ಕಿಲೋಮೀಟರು ಇಳಿಜಾರು. 'ಪ್ರವಾಸದ ಅತ್ಯಂತ ಸುಖದ ದಿನ' ಎಂದು ಅದರ ಕೆಳಗೆ ಇತ್ತು.

ನಮ್ಮ ಮ್ಯಾನೇಜರರ ಮನೆಗೆ ನಡೆದೇ ಹೋದೆ. ಅವರು ಬಂಟ್ವಾಳದ ಕಡೆಯ ಬ್ಯಾರಿಗಳು, ಹಜ್ ಮಾಡಿ ಬಂದ ಹಿರಿಯರು. ಆಫೀಸಿನಲ್ಲಿ ನಾವೆಲ್ಲ ಹಾಜಿಯವರೇ ಎನ್ನುತ್ತಿದ್ದೆವು. ನನ್ನನ್ನು ಈ ಕೆಲಸಕ್ಕೆ ತಂದವರೂ ಅವರೇ. ನಾನು ಎಲ್ಲವನ್ನೂ ಹೇಳಿದೆ.

"ಚಾ ಕುಡಿ ಮೊದಲು," ಎಂದರು. "ಎಷ್ಟು ಎಣ್ಣೆ?"

"ಬಟ್ಟೆಗೆ ಹಾಕಿ ಒರೆಸಿದ್ದು."

"ಹಾಗಾದ್ರೆ ಅಲ್ಲಿಗೆ ಹೋಗುವಷ್ಟರಲ್ಲಿ ಒಣಗಿರ್ತದೆ."

"ಎಣ್ಣೆ ಒಣಗ್ತದಾ ಹಾಜಿಯವರೇ?"

ಹಾಜಿಯವರು ಎದ್ದರು. ಅಂಗಿ ಹಾಕಿಕೊಂಡು ಬೀಗದ ಕೈ ತೆಗೆದುಕೊಂಡರು. ಮುಚ್ಚಿದ್ದ ಆಫೀಸನ್ನು ತೆರೆದೆವು. ಹೋಟೆಲಿಗೆ ಫ್ಯಾಕ್ಸ್ ಬರೆಯಲು ನಾನು ಕೂತೆ. ಸೈಕಲಿನ ರಿಮ್ಮಿಗೆ ನಾನು ಎಣ್ಣೆ ಒರೆಸಿದ್ದೇನೆ, ದಯವಿಟ್ಟು ಸ್ಪಿರಿಟ್ಟಿನಿಂದ ತೊಳೆಸಿ ಎಂದು ಬರೆದೆ. ಅವರು ನನ್ನ ಹಿಂದೆ ನಿಂತು ಓದಿದರು.

"ಎಣ್ಣೆ ಅಂತ ಬರೀಬೇಡ."

"ಯಾಕೆ?"

"ನಮ್ಮ ಲೆಟರ್‌ಹೆಡ್ಡಿನಲ್ಲಿ ಹೋಗ್ತದೆ ಅದು. ನಾಳೆ ಏನಾದ್ರೂ ಆಯ್ತು ಅಂತ ಇಟ್ಕೋ, ಈ ಕಾಗದ ಕಫೀಲನ ಟೇಬಲಿಗೆ ಬರ್ತದೆ." ಕಫೀಲ ಅಂದರೆ ನಮ್ಮ ಏಜೆನ್ಸಿಯ ಕತಾರಿ ಮಾಲೀಕ, ನಮ್ಮೆಲ್ಲರ ವೀಸಾ ಅವನ ಹೆಸರಿನಲ್ಲಿತ್ತು. "ಅವನು ಕಾರಣ ಕೇಳುದಿಲ್ಲ. ನಿನಗೆ ಖಲಾಸ್, ನನಗೂ ಖಲಾಸ್."

"ಮತ್ತೆಂತ ಬರೀಲಿ?"

"ನಾನು ಸುಳ್ಳು ಬರಿ ಅಂತ ಹೇಳಿದ್ನಾ? ಹತ್ತುವ ಮೊದಲು ಬ್ರೇಕ್ ಸರಿಯಾಗಿ ನೋಡಿ ಅಂತ ಬರಿ. ಅದು ಸತ್ಯವೇ ಅಲ್ವಾ?"

ಅದು ಸತ್ಯವೇ ಆಗಿತ್ತು. ನಾನು ಮೊದಲ ಹಾಳೆಯನ್ನು ಹರಿದು ಇನ್ನೊಂದು ಬರೆದೆ. ಪ್ರಯಾಣದಲ್ಲಿ ಅಲುಗಿರಬಹುದು, ಸವಾರಿಗೆ ಮೊದಲು ಮೇಡಂ ಅವರ ಸೈಕಲಿನ ಬ್ರೇಕುಗಳನ್ನು ಪರೀಕ್ಷಿಸಿಕೊಳ್ಳಿ. ಅಷ್ಟೇ. ಫ್ಯಾಕ್ಸ್ ಹೋಯಿತು, ತಲುಪಿದ ಚೀಟಿ ಬಂತು. ಹೋಟೆಲಿಗೆ ಫೋನ್ ಮಾಡಬಹುದಿತ್ತು, ನಂಬರು ನನಗೆ ಗೊತ್ತಿತ್ತು. ಮಾಡಲಿಲ್ಲ. ಫೋನಿನಲ್ಲಿ ಅವರು ಯಾಕೆ ಎಂದು ಕೇಳುತ್ತಾರೆ ಎಂಬುದೇ ಕಾರಣ. ಹಾಜಿಯವರ ಮೇಲೆ ನಾನು ಇದನ್ನು ಹೊರಿಸಲಾರೆ. ಅವರು ಒಂದು ಪದವನ್ನು ಬಿಡಲು ಹೇಳಿದರು. ಬಿಟ್ಟವನು ನಾನು.

ಶನಿವಾರ ಏನೂ ಸುದ್ದಿ ಇಲ್ಲ. ಭಾನುವಾರ ಸಂಜೆ ನಾಲ್ಕೂವರೆಗೆ ಪ್ರವಾಸದ ಕಂಪನಿಯಿಂದ ಫ್ಯಾಕ್ಸ್ ಬಂತು. ಇಳಿಜಾರಿನ ಒಂದು ತಿರುವಿನಲ್ಲಿ ಮೇಡಂ ರಸ್ತೆಬದಿಯ ಕಲ್ಲಿನ ಗೋಡೆಗೆ ಹೋಗಿ ಬಿದ್ದಿದ್ದಾರೆ. ಬಲ ಮೊಣಕೈ ಮುರಿದಿದೆ, ಶಸ್ತ್ರಚಿಕಿತ್ಸೆ ಆಗುತ್ತಿದೆ. ಪ್ರಾಣಕ್ಕೆ ಅಪಾಯವಿಲ್ಲ. ಉಳಿದ ಹೋಟೆಲುಗಳನ್ನು ರದ್ದು ಮಾಡಿ ಎಂದಿತ್ತು. ನಾನು ಒಂದೊಂದಾಗಿ ಒಂಬತ್ತು ಹೋಟೆಲುಗಳನ್ನು ರದ್ದು ಮಾಡಿದೆ. ಹಾಜಿಯವರು ತಮ್ಮ ಗಾಜಿನ ಕೋಣೆಯಿಂದ ಒಮ್ಮೆ ನೋಡಿದರು, ಮತ್ತೆ ತಲೆ ಬಗ್ಗಿಸಿದರು.

ಸೆಪ್ಟೆಂಬರ್ ಕೊನೆಯಲ್ಲಿ ಮೇಡಂ ಆಫೀಸಿಗೆ ಬಂದರು. ಶಾಲೆ ಶುರುವಾಗಿ ಮೂರು ವಾರವಾಗಿತ್ತು. ಇನ್ಶುರೆನ್ಸಿನವರಿಗೆ ಹೋಟೆಲು ರದ್ದಾದ ಪತ್ರ ಬೇಕಿತ್ತು. ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಎರಡು ಶಸ್ತ್ರಚಿಕಿತ್ಸೆಯಾದರೂ ಅದು ನೇರವಾಗುತ್ತಿರಲಿಲ್ಲ. ಕುರ್ಚಿಯನ್ನು ಎಡಗೈಯಿಂದ ಎಳೆದುಕೊಂಡು ಕೂತರು.

"ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುತ್ತೇನೆ ಈಗ," ಎಂದರು. "ನನ್ನ ಅಕ್ಷರ ನೋಡಿ ಮಕ್ಕಳು ನಗುತ್ತಾರೆ. ತಮ್ಮದೇ ಪರವಾಗಿಲ್ಲ ಅನ್ನುತ್ತಾರೆ."

ಸೈಕಲ್ ಎಂದು ನಾನು ಶುರು ಮಾಡಿ ನಿಲ್ಲಿಸಿದೆ.

"ಅದನ್ನು ಅಲ್ಲೇ ಬಿಟ್ಟು ಬಂದೆವು. ಹ್ಯಾಂಡಲ್ ಹಿಡಿಯಲು ಈ ಕೈ ಬರುವುದಿಲ್ಲ. ಅದು ಮುಗಿಯಿತು." ಆಮೇಲೆ ಹೇಳಿದರು: "ನಿಮಗೆ ಥ್ಯಾಂಕ್ಸ್ ಹೇಳಬೇಕು ಅಂತಿದ್ದೆ. ಅಷ್ಟು ದೂರದಿಂದ ನೆನಪಿಟ್ಟು ಫ್ಯಾಕ್ಸ್ ಕಳಿಸಿದಿರಿ. ಮೊದಲ ದಿನ ಬ್ರೇಕ್ ಸ್ವಲ್ಪ ಸಡಿಲ ಅನ್ನಿಸಿತು. ನಿಮ್ಮ ಫ್ಯಾಕ್ಸ್ ನೋಡಿದ್ದೆವಲ್ಲ, ನನ್ನ ಗಂಡ ಸಂಜೆ ಕೂತು ಕೇಬಲನ್ನು ಬಿಗಿ ಮಾಡಿದರು. ಗಟ್ಟಿಯಾಯಿತು. ನಾವಿಬ್ಬರೂ ಅದುಮಿ ನೋಡಿದೆವು."

ನನಗೆ ಅರ್ಥವಾಯಿತು. ಕೇಬಲ್ ಬಿಗಿಯಾದರೆ ಕೈಗೆ ಬ್ರೇಕ್ ಗಟ್ಟಿ ಅನ್ನಿಸುತ್ತದೆ; ರಬ್ಬರು ರಿಮ್ಮಿಗೆ ಒತ್ತಿಕೊಳ್ಳುತ್ತದೆ. ಎಣ್ಣೆಗೆ ಜಾರುವುದು ಆಮೇಲೆ, ಚಕ್ರ ಓಡುವಾಗ. ನನ್ನ ಫ್ಯಾಕ್ಸಿನಿಂದ ಅವರಿಗೆ ಸಿಕ್ಕಿದ್ದು ಧೈರ್ಯ ಮಾತ್ರ.

"ಪಾಪ, ಅವರಿಗೇ ಈಗ ಕಷ್ಟ," ಎಂದರು ಮೇಡಂ. "ತಾನು ಏನೋ ತಪ್ಪು ಮಾಡಿದೆ ಅಂತ. ಯಾವ ಸ್ಕ್ರೂ, ಎಷ್ಟು ಸುತ್ತು ಅಂತ ಊಟದ ನಡುವೆ ಹೇಳುತ್ತಾರೆ. ಇಪ್ಪತ್ತೆಂಟು ವರ್ಷ ಇಂಜಿನಿಯರ್ ಆಗಿದ್ದು ಹೆಂಡತಿಯ ಬ್ರೇಕ್ ಸರಿ ಮಾಡಲಿಕ್ಕಾಗಲಿಲ್ಲ ಅನ್ನುತ್ತಾರೆ."

ಹಾಜಿಯವರು ಗಾಜಿನ ಆಚೆ ಫೋನಿನಲ್ಲಿದ್ದರು. ನಾನು ಹೇಳಿದೆ. ಯಾವ ಎಣ್ಣೆ, ಯಾವ ಬಟ್ಟೆ, ರಿಮ್ಮಿನ ಯಾವ ಪಕ್ಕ, ಶುಕ್ರವಾರ ನನಗೆ ಹೇಗೆ ಗೊತ್ತಾಯಿತು, ಮೊದಲ ಹಾಳೆಯಲ್ಲಿ ಏನಿತ್ತು, ಎರಡನೆಯದರಲ್ಲಿ ಏನು ಇರಲಿಲ್ಲ. ಮಾವನ ಅಂಗಡಿಯ ಮಾತು ಎತ್ತಲಿಲ್ಲ. ಎತ್ತಿದರೆ ಅದು ನೆಪದ ಹಾಗೆ ಕೇಳಿಸುತ್ತಿತ್ತು.

ಮೇಡಂ ಪತ್ರವನ್ನು ಮೇಜಿನ ಮೇಲೆ ಬಿಟ್ಟರು. ಎಡಗೈ ಬಲ ಮೊಣಕೈಯ ಮೇಲೆ ಇತ್ತು.

"ಶುಕ್ರವಾರವೇ ಗೊತ್ತಿತ್ತು," ಎಂದರು.

"ಹೌದು ಮೇಡಂ."

"ನಾನು ಬಿದ್ದದ್ದು ಭಾನುವಾರ."

"ಹೌದು."

ಅವರು ಎದ್ದು ನಿಂತರು. ಇನ್ಶುರೆನ್ಸ್ ಪತ್ರವನ್ನು ಚೀಲಕ್ಕೆ ಹಾಕಲು ನಾನು ಸಹಾಯಕ್ಕೆ ಹೋದಾಗ ಬೇಡವೆಂದು ಕೈ ಹಿಂದಕ್ಕೆಳೆದುಕೊಂಡರು. "ನನ್ನ ಗಂಡ ಕೆಳಗೆ ಕಾರಿನಲ್ಲಿದ್ದಾರೆ. ನೀವೇ ಹೋಗಿ ಹೇಳಬೇಕು. ನಾನು ಹೇಳುವುದಿಲ್ಲ. ನಾನು ಇಲ್ಲಿ ಕೂತಿರುತ್ತೇನೆ."

ನಾನು ಮೆಟ್ಟಿಲಿಳಿದೆ. ಮಧ್ಯಾಹ್ನ ಹನ್ನೆರಡರ ಹೊತ್ತು. ಕಾರು ರಸ್ತೆಯ ಆಚೆ ಬಿಸಿಲಿನಲ್ಲೇ ನಿಂತಿತ್ತು, ಎಸಿಗಾಗಿ ಇಂಜಿನ್ ಓಡುತ್ತಿತ್ತು. ನನ್ನನ್ನು ಕಂಡು ಅವರು ನಗುತ್ತ ಗಾಜು ಇಳಿಸಿದರು. ನಾನು ಬಗ್ಗಿ ನಿಂತು ಎಲ್ಲವನ್ನೂ ಹೇಳಿದೆ. ಅವರು ಇಂಜಿನ್ ಆರಿಸಿದರು.

"ಮತ್ತೊಮ್ಮೆ ಹೇಳಿ. ನಿಧಾನವಾಗಿ."

ಮತ್ತೊಮ್ಮೆ ಹೇಳಿದೆ. ಫ್ಯಾಕ್ಸಿನಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳಿದರು. ಹೆದರಿದೆ ಎಂದೆ. ಯಾರಿಗೆ ಎಂದು ಅವರು ಕೇಳಲಿಲ್ಲ. ಸ್ಟಿಯರಿಂಗಿನ ಮೇಲಿದ್ದ ತಮ್ಮ ಕೈಗಳನ್ನು ನೋಡುತ್ತಿದ್ದರು.

"ಕೇಬಲನ್ನು ನಾನು ಎರಡು ಸುತ್ತು ಬಿಗಿ ಮಾಡಿದ್ದೆ," ಎಂದರು. "ಅದು ಸರಿಯೇ ಅಲ್ಲವೇ?"

"ಸರಿಯಾಗಿಯೇ ಮಾಡಿದ್ದೀರಿ, ಸರ್."

"ಎರಡು ಸುತ್ತು."

"ಹೌದು ಸರ್. ಅಷ್ಟೇ ಮಾಡಬೇಕಿದ್ದದ್ದು."

ಅವರು ತಲೆಯಾಡಿಸಿದರು. ಕಫೀಲನಿಗೆ ದೂರು ಕೊಡುತ್ತೇನೆ ಎಂದೂ ಅನ್ನಲಿಲ್ಲ, ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. ಗಾಜು ನಿಧಾನವಾಗಿ ಮೇಲೇರಿತು. ಇಂಜಿನ್ ಮಾತ್ರ ಚಾಲೂ ಆಗಲಿಲ್ಲ. ಆ ಬಿಸಿಲಿನಲ್ಲಿ, ಮುಚ್ಚಿದ ಕಾರಿನ ಒಳಗೆ ಅವರು ಹಾಗೆಯೇ ಕೂತಿದ್ದರು. ನಾನು ಮೇಡಂ ಅವರನ್ನು ಕರೆಯಲು ಮೆಟ್ಟಿಲು ಹತ್ತಿದೆ.