ಹೋದವರ ಹಿಂದೆ ಪೊರಕೆ ಹಿಡಿಯದವಳು

ಕಡೂರಿನ ರೈಲು ನಿಲ್ದಾಣದಿಂದ ಒಂದು ಕೂಗಳತೆ ದೂರದಲ್ಲಿ ಸರ್ಕಾರದ ಬಂಗಲೆಯಿತ್ತು. ಚಿಕ್ಕಮಗಳೂರಿನ ಕಡೆಯಿಂದ ಗಾಡಿಯಲ್ಲಿ ಬಂದು ರೈಲು ಹತ್ತುವವರು, ರೈಲಿಳಿದು ಗಾಡಿ ಹತ್ತುವವರು ಅಲ್ಲಿ ಒಂದು ರಾತ್ರಿ ತಂಗುತ್ತಿದ್ದರು. ತಂಗಿದವರು ತಮ್ಮ ಹೆಸರು, ಹುದ್ದೆಗಳನ್ನು ದಪ್ಪ ರಟ್ಟಿನ ಪುಸ್ತಕವೊಂದರಲ್ಲಿ ಬರೆದು ಹೋಗುತ್ತಿದ್ದರು. ಅವರು ಮಲಗಿದ ಕೋಣೆಯನ್ನು ಗುಡಿಸಿದವಳ ಹೆಸರನ್ನು ಅದರಲ್ಲಿ ಎಷ್ಟು ಹುಡುಕಿದರೂ ಸಿಗದು. ಅವಳ ಹೆಸರು ಕರಿಯಮ್ಮ.

ಸಖರಾಯಪಟ್ಟಣದ ಹತ್ತಿರದ ಒಕ್ಕಲು ಮನೆತನದ ಸೊಸೆ. ಗಂಡ ಸತ್ತ ಮೇಲೆ ಕಡೂರಿನಲ್ಲಿ ಅಣ್ಣನ ಮನೆ ಸೇರಿದಳು. ಅತ್ತಿಗೆ ಕೆಟ್ಟವಳೇನಲ್ಲ, ಆದರೆ ಮುದ್ದೆ ಬಡಿಸುವಾಗ ನಿಟ್ಟುಸಿರು ಬಿಡುವ ಅಭ್ಯಾಸ ಅವಳಿಗಿತ್ತು. ಆ ನಿಟ್ಟುಸಿರಿನ ಜೊತೆ ಅನ್ನ ನುಂಗಲಾರದೆ ಕರಿಯಮ್ಮ ಬಂಗಲೆಯ ಪೊರಕೆ ಹಿಡಿದಳು. ಒಕ್ಕಲು ಮನೆಯ ಹೆಂಗಸು ಕಂಡವರ ಕಸ ಬಳಿಯುವುದೇ ಎಂದು ನೆಂಟರಿಷ್ಟರು ಮೂಗು ಮುರಿದರು. ಮೂಗು ಮುರಿದವರಲ್ಲಿ ಒಬ್ಬರೂ ಒಂದು ಸೇರು ರಾಗಿ ತಂದುಕೊಡಲಿಲ್ಲ.

ಸಂಬಳ ತಿಂಗಳಿಗೆ ಮೂರು ರೂಪಾಯಿ. ಅದೂ ಹಂಗಾಮಿ. ಬೇಕಾದಾಗ ಇರು, ಬೇಡವಾದಾಗ ನಡೆ ಎಂಬುದನ್ನೇ ಸರ್ಕಾರ ಹಾಗೆ ಮರ್ಯಾದೆಯಾಗಿ ಹೇಳುತ್ತಿತ್ತು. ಜ್ವರ ಬಂದು ಮಲಗಿದರೆ ಆ ದಿನದ ಕಾಸು ಖೋತಾ. ಆದರೂ ಅವಳ ಕೆಲಸದಲ್ಲಿ ಹುಳುಕು ಹುಡುಕಿದವರು ಸೋತರು. ತೆಂಗಿನ ಕಡ್ಡಿಯ ಪೊರಕೆಯನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು. ಲಾಂದ್ರದ ಗಾಜನ್ನು ಬೂದಿಯಲ್ಲಿ ಉಜ್ಜುತ್ತಿದ್ದಳು, ಮಂಚದ ಸಂದಿಗೆ ಸೀಮೆಎಣ್ಣೆ ಬಿಟ್ಟು ತಿಗಣೆಯ ಸಂತಾನವನ್ನೇ ಉಳಿಸುತ್ತಿರಲಿಲ್ಲ. ಬಂಗಲೆಯ ಉಸ್ತುವಾರಿ ನೋಡುತ್ತಿದ್ದ ಮೇಟಿ ಹೊನ್ನಯ್ಯ ಏಳು ವರ್ಷ ಇದನ್ನೆಲ್ಲ ಕಂಡು, ಅವಳನ್ನು ಕಾಯಂ ಮಾಡಬೇಕೆಂದು ಮೇಲಿನವರಿಗೆ ನಾಲ್ಕು ಅರ್ಜಿ ಬರೆಸಿ ಹಾಕಿದ್ದ. ಕಾಯಂ ಆದರೆ ಐದು ರೂಪಾಯಿ ಸಂಬಳ, ಜ್ವರಕ್ಕೆ ರಜೆ, ಮತ್ತೆ ಅಡಿಗೆಮನೆಯ ಹಿಂದಿನ ಪುಟ್ಟ ಕೋಣೆ. ಕರಿಯಮ್ಮನಿಗೆ ಆಸೆಯಿದ್ದದ್ದು ಆ ಕೋಣೆಯ ಮೇಲೆ. ಒಳಗಿನಿಂದ ಅಗುಳಿ ಹಾಕಿಕೊಳ್ಳುವ ಬಾಗಿಲು ಅವಳಿಗೆ ಹನ್ನೊಂದು ವರ್ಷದಿಂದ ಇರಲಿಲ್ಲ.

ಅವಳದು ಒಂದೇ ಹಟ. ಪ್ರಯಾಣ ಹೊರಟವರ ಬೆನ್ನ ಹಿಂದೆಯೇ ಕಸ ಗುಡಿಸುತ್ತಿರಲಿಲ್ಲ. ಇದು ಅವಳೊಬ್ಬಳ ಕಟ್ಟಲೆಯಲ್ಲ, ನಮ್ಮ ಎಲ್ಲ ಮನೆಗಳಲ್ಲೂ ಇರುವುದೇ. ಹೊರಟವರು ಊರ ಗಡಿಯಾದರೂ ದಾಟಬೇಕು, ಆಮೇಲೆ ಪೊರಕೆ. ಕೂಡಲೇ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ ಮಾತ್ರ. ಆದರೆ ಬೇರೆಯವರಿಗೆ ಅದು ರೂಢಿ, ಕರಿಯಮ್ಮನಿಗೆ ಎದೆಯೊಳಗಿನ ಮುಳ್ಳು. ಗಂಡ ಬೀರಪ್ಪ ಮೇಲ್ಗಡೆಯ ಬೆಟ್ಟದ ಕಾಫಿ ತೋಟದ ಕೂಲಿಗೆಂದು ಗಾಡಿ ಹತ್ತಿದ ಬೆಳಿಗ್ಗೆ, ಅವಳಿಗೆ ಕಳೆ ಕೀಳುವ ಕೆಲಸಕ್ಕೆ ಹೊತ್ತಾಗುತ್ತಿತ್ತು. ಗಾಡಿ ಬೀದಿ ತಿರುಗುವ ಮೊದಲೇ ಪಡಸಾಲೆ ಗುಡಿಸಿಬಿಟ್ಟಳು. ಅತ್ತೆ ಕಾಮಾಕ್ಷಮ್ಮ ಹಿತ್ತಲಿಂದ ಬಂದು ನೋಡಿ ನಿಂತಲ್ಲೇ ನಿಂತರು.

"ಹೆಣ ಎತ್ತಿದ್ ಮನೆ ಗುಡಿಸ್ದಂಗೆ ಗುಡಿಸ್ಬಿಟ್ಯಲ್ಲೇ."

ಇಪ್ಪತ್ತನೆಯ ದಿನ ತೋಟದಿಂದ ಸುದ್ದಿ ಬಂತು. ಚಳಿಜ್ವರ. ಅಲ್ಲೇ ಮಣ್ಣು ಮಾಡಿದ್ದರು. ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಗಂಡನನ್ನು ತಾನೇ ಕೊಂದೆನೆಂದು ನಂಬಿದ ಹೆಂಗಸು ಅಳುವುದಾದರೂ ಹೇಗೆ? ಅವಳು ಅಳಲಿಲ್ಲ. ಊರವರು ಕಲ್ಲೆದೆಯವಳು ಎಂದರು.

ಬಂಗಲೆಯಲ್ಲಿ ಅವಳ ಹಟಕ್ಕೆ ಅಡ್ಡಿಯೇನೂ ಆಗಿರಲಿಲ್ಲ. ತಂಗಿದವರು ನಿಲ್ದಾಣಕ್ಕೆ ಹೋಗುವರು, ರೈಲು ಬರುವುದು, ಹೋಗುವುದು. ಜಗಲಿಯ ಮೇಲೆ ನಿಂತರೆ ರೈಲು ಸಿಗ್ನಲ್ಲಿನ ಕೈಮರ ದಾಟುವುದು ಕಾಣುತ್ತಿತ್ತು. ದಾಟಿತೆಂದರೆ ಸೆರಗು ಸಿಕ್ಕಿಸಿ ಒಳಗೆ ನುಗ್ಗುವಳು. ಹೊನ್ನಯ್ಯನಿಗೆ ಇದು ಗೊತ್ತಿತ್ತು, ಅರ್ಧ ಗಂಟೆಯ ಮಾತೆಂದು ಸುಮ್ಮನಿದ್ದ.

ಸಾವಿರದ ಒಂಬೈನೂರ ಹದಿನಾರರ ಮಾಘ ಮಾಸ. ಚಿಕ್ಕಮಗಳೂರಿನ ಕಚೇರಿಯೊಂದರ ಶಿರಸ್ತೇದಾರ ಮಲ್ಲಿಕಾರ್ಜುನಯ್ಯ ಹೆಂಡತಿ ದಾಕ್ಷಾಯಣಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುತ್ತ ಬಂಗಲೆಗೆ ಬಂದರು. ಇನ್ನೊಂದು ಕೋಣೆಯ ಚಾವಣಿಯನ್ನು ರಿಪೇರಿಗೆಂದು ಕಿತ್ತಿದ್ದರಿಂದ ಇದ್ದ ಒಂದೇ ಕೋಣೆಯನ್ನು ಅವರಿಗೆ ಕೊಟ್ಟರು. ಆಯಮ್ಮ ತಿಂದದ್ದೆಲ್ಲ ಕಕ್ಕುತ್ತಿದ್ದರು. ಬೆಳಿಗ್ಗೆ ಹೊರಡುವಾಗ ನೆಲದ ಕಡೆ ನೋಡಿ, "ನಿನಗೆ ಬಾಳಾ ತೊಂದ್ರೆ ಕೊಟ್ಟೆ ಕಣವ್ವ" ಎಂದರು.

"ಅದ್ಕೇನಂತೆ ಅಮ್ಮಾವ್ರೇ. ಹುಷಾರಾಗಿ ಈ ದಾರೀಲೇ ಬನ್ನಿ, ಬಿಸ್ನೀರ್ ಕಾಯಿಸಿಟ್ಟಿರ್ತೀನಿ" ಎಂದಳು ಕರಿಯಮ್ಮ.

ಅವರು ಹೋಗಿ ನಿಲ್ದಾಣದ ಬೆಂಚಿನ ಮೇಲೆ ಕುಳಿತರು. ರೈಲು ಬರಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಅಷ್ಟರಲ್ಲಿ ಬೀರೂರಿನ ಕಡೆಯಿಂದ ಜಟಕಾ ಒಂದು ಬಂಗಲೆಯ ಗೇಟಿಗೆ ಬಂದು ನಿಂತಿತು. ಸಂಜೆ ಬರಬೇಕಾಗಿದ್ದ ಇಂಜಿನಿಯರು ಬೆಳಿಗ್ಗೆಯೇ ಇಳಿದರು. ಚಾವಣಿಯ ರಿಪೇರಿ ನೋಡುವುದು, ಕರಿಯಮ್ಮನ ಅರ್ಜಿಗೆ ಸಹಿ ಹಾಕುವುದು, ಎರಡೂ ಅವರ ಕೈಯಲ್ಲಿತ್ತು. ಕೋಣೆಯ ಬಾಗಿಲು ತೆಗೆದವರು ಮೂಗಿಗೆ ಕರವಸ್ತ್ರ ಹಿಡಿದು ಹಿಂದಕ್ಕೆ ಬಂದರು.

"ಏನು ಮೇಟಿ, ಇಷ್ಟು ಹೊತ್ತಾದ್ರೂ ಗುಡಿಸಿಲ್ವೇ?"

ಹೊನ್ನಯ್ಯ ಓಡಿ ಹಿತ್ತಲಿಗೆ ಬಂದ. "ಕರಿಯಮ್ಮ, ಇವತ್ತೊಂದಿನ ನಿನ್ ಹಟ ಬಿಡವ್ವ. ಕಾಗ್ದ ಅವ್ರ ಚೀಲದಲ್ಲೇ ಐತೆ."

"ರೈಲು ಬಂದಿಲ್ಲ ಕಣಣ್ಣ. ಆಯಮ್ಮ ಇನ್ನೂ ಅಲ್ಲೇ ಕುಂತವ್ರೆ, ನೋಡು."

"ನೀನು ಬೇಡ ಬಿಡು, ನಾನೇ ಗುಡಿಸ್ತೀನಿ" ಎಂದು ಅವನು ಪೊರಕೆಗೆ ಕೈ ಹಾಕಿದ.

ಕರಿಯಮ್ಮ ಪೊರಕೆಯನ್ನು ಎದೆಗವಚಿಕೊಂಡು ಬಂದು ಕೋಣೆಯ ಹೊಸ್ತಿಲಿಗೆ ಅಡ್ಡ ನಿಂತಳು. ಅಗುಳಿ ಹಾಕುವ ಬಾಗಿಲು, ಜ್ವರದ ರಜೆ, ನಿಟ್ಟುಸಿರಿಲ್ಲದ ಮುದ್ದೆ, ಎಲ್ಲವೂ ಅವಳಿಗೆ ಆ ಗಳಿಗೆಯಲ್ಲಿ ಚೆನ್ನಾಗಿಯೇ ನೆನಪಿತ್ತು. ಆದರೂ ನಿಂತಳು.

"ಯಾಕಮ್ಮ?" ಎಂದು ಇಂಜಿನಿಯರು ಕೇಳಿದರು. ಅವಳು ತೊದಲುತ್ತ ಹೇಳಿದಳು. ಅವರು ಗದರಲಿಲ್ಲ.

"ನಮ್ಮ ಮನೇಲೂ ಈ ಪದ್ಧತಿ ಇದೆ. ಆದ್ರೆ ಇದು ಮನೆ ಅಲ್ಲಮ್ಮ, ಸರ್ಕಾರದ ಬಂಗಲೆ."

"ಹೋಗೋರು ಮನುಷ್ಯರೇ ಅಲ್ವಾ ಸ್ವಾಮಿ" ಎಂದಳು ಕರಿಯಮ್ಮ.

ಅವರು ಜಗಲಿಯ ಬೆತ್ತದ ಕುರ್ಚಿಯಲ್ಲಿ ಬಿಸಿಲಿಗೆ ಮುಖ ಕೊಟ್ಟು ಒಂದೂವರೆ ಗಂಟೆ ಕುಳಿತರು. ಕೊನೆಗೆ ರೈಲು ಬಂತು, ಹೋಯಿತು, ಕೈಮರ ದಾಟಿತು. ಕರಿಯಮ್ಮ ಒಳಗೆ ಹೋದವಳು ನೆಲ ಗುಡಿಸಿ, ತೊಳೆದು, ಒರೆಸಿ, ಹೊಸ ಹಾಸಿಗೆ ಹಾಸಿ ಹೊರಗೆ ಬಂದಳು. ಇಂಜಿನಿಯರು ಮೂಲೆ ಮೂಲೆ ನೋಡಿದರು. ಬೆರಳಿಗೆ ಧೂಳು ಹತ್ತಲಿಲ್ಲ.

"ಕೆಲಸ ಚೆನ್ನಾಗಿದೆ, ಹೇಳಿದ ಮಾತು ಕೇಳೋದಿಲ್ಲ" ಎಂದು ಹೊನ್ನಯ್ಯನಿಗೆ ಹೇಳಿ, ಸಹಿ ಮಾಡದೆ ಕಾಗದವನ್ನು ಮಡಿಸಿದರು.

ಕಾಯಂ ಜಾಗ ಬೀರೂರಿನ ದೇವೀರಪ್ಪನೆಂಬವನಿಗೆ ಹೋಯಿತು. ಐದು ರೂಪಾಯಿಯೂ ಕೋಣೆಯೂ ಅವನಿಗೇ. ಅವನಿಗೆ ಪೊರಕೆ ಹಿಡಿಯಲು ಬಾರದ್ದರಿಂದ ಕರಿಯಮ್ಮನನ್ನು ಮೂರು ರೂಪಾಯಿಯ ಹಂಗಾಮಿಯಾಗಿಯೇ ಉಳಿಸಿಕೊಂಡರು. ಸರ್ಕಾರದ ಲೆಕ್ಕಾಚಾರ ಹಾಗೆ. ಅವಳಿಗೆ ಬೇಸರವಾಗಲಿಲ್ಲವೆಂದರೆ ಸುಳ್ಳು; ದೇವೀರಪ್ಪ ಸಂಜೆ ಆ ಬಾಗಿಲಿಗೆ ಅಗುಳಿ ಹಾಕುವ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಆದರೆ ಒಂದು ಜೀವ ಉಳಿದಿರುತ್ತದೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಐದಾರು ವಾರ ಕಳೆದು ಒಂದು ಮಧ್ಯಾಹ್ನ ಮಲ್ಲಿಕಾರ್ಜುನಯ್ಯ ರೈಲಿಳಿದು ಬಂದರು. ಒಬ್ಬರೇ. ಕರಿಯಮ್ಮ ಚೊಂಬಿನಲ್ಲಿ ನೀರು ಕೊಟ್ಟು, ಅವರ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಗೇಟಿನ ಕಡೆ ನೋಡಿದಳು.

"ಹೋದ್ಲಮ್ಮ" ಎಂದರು ಅವರು. "ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ. ಕಾಯಿಲೆ ಬಹಳ ಮುಂದಕ್ಕೆ ಹೋಗಿತ್ತಂತೆ."

ಕರಿಯಮ್ಮ ಅವರು ಕುಡಿದಿಟ್ಟ ಚೊಂಬನ್ನು ಎತ್ತಿಕೊಂಡಳು. ಆಮೇಲೆ ಕೇಳಿದಳು, "ದಾರೀಲಿ ಏನಾರಾ ಆಯ್ತಾ ಸ್ವಾಮಿ?"

"ಇಲ್ಲಮ್ಮ. ದಾರೀಲೇನೂ ಆಗ್ಲಿಲ್ಲ. ಕಾಯಿಲೆಯಿಂದ ಹೋದ್ಲು, ಅಷ್ಟೇ."

ಅವಳು ಚೊಂಬು ಹಿಡಿದು ಹಿತ್ತಲಿಗೆ ಬಂದಳು. ಹೊನ್ನಯ್ಯ ಸೌದೆ ಒಡೆಯುತ್ತಿದ್ದ. ಅವಳ ಮುಖ ನೋಡಿ ಕೊಡಲಿ ಕೆಳಗಿಟ್ಟ.

"ಆಯಮ್ಮ ತೀರ್ಕೊಂಡ್ರಂತೆ ಅಣ್ಣ. ಕಾಯಿಲೆಯಿಂದ."

"ಅಯ್ಯೋ ಪಾಪ. ಅವ್ರಿಗೋಸ್ಕರ ಕಾಯಂ ಕೆಲ್ಸಾನೇ ಕಳ್ಕೊಂಡ್ಯಲ್ಲವ್ವ ನೀನು."

"ನಾನು ಗುಡಿಸ್ಲಿಲ್ಲ. ಯಾರನ್ನೂ ಗುಡಿಸಕ್ ಬಿಡ್ಲಿಲ್ಲ. ಆದ್ರೂ ಹೋದ್ರು." ಅವಳು ಚೊಂಬನ್ನು ನೆಲಕ್ಕಿಟ್ಟಳು. "ಹಂಗಾದ್ರೆ ನಮ್ಮನೇವ್ರು ಹೋಗಿದ್ದೂ ಜ್ವರದಿಂದ್ಲೇ ಕಣಣ್ಣ. ನನ್ನಿಂದಲ್ಲ."

ಕರಿಯಮ್ಮ ಸೌದೆಯ ರಾಶಿಯ ಪಕ್ಕದಲ್ಲಿ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಗಂಡ ಸತ್ತ ಹನ್ನೊಂದು ವರ್ಷದ ಮೇಲೆ ಮೊದಲ ಸಲ ಅವನಿಗಾಗಿ ಅತ್ತಳು.